ಬೆಂಕಿ ಕೆತ್ತುವ ಕೆಲಸ

ಹೆಕ್ಕನ್‌ಮೊಸರ್.
ಫಾದರ್ ಬೊನವೆಂಚರ್ ಮೂರು ಸಲ ಹೇಳಿಕೊಟ್ಟರು,
ಕೊನೆಯ ಮೊಸರೊಂದೇ ನನ್ನ ನಾಲಿಗೆಗೆ ಹತ್ತಿದ್ದು.
ಹಾಗಾಗಿ ಮೊಸರಣ್ಣ ಅನ್ನುತ್ತೇನೆ, ಸಿಟ್ಟಾಗಬೇಡ.
ಇನ್ನೂರೈವತ್ತು ವರ್ಷದ ಹಿಂದೆ ಸತ್ತವನಿಗೆ
ಸಾಗರದ ಗುಡಿಗಾರನೊಬ್ಬ ಬೇರೆ ಹೇಗೆ ಮರ್ಯಾದೆ ಕೊಡಬೇಕು?

ನಿನ್ನ ಸಂತ ಒಂದು ತಿಂಗಳು ನನ್ನ ಶೆಡ್ಡಿನಲ್ಲಿ
ಗೋಣಿಯ ಮೇಲೆ ಬೋರಲು ಮಲಗಿದ್ದ.
ಆಸ್ಪತ್ರೆ ಕಟ್ಟಿಸಿದ ಸಿಸ್ಟರ್ ವಾಲ್‌ಬುರ್ಗಾ
ಹುಲ್ಲಿನಲ್ಲಿ ಸುತ್ತಿ ಹಡಗಿನಲ್ಲಿ ತಂದಿದ್ದಂತೆ.
ಫ್ಲೋರಿಯನ್ ಅಂತ ಹೆಸರು, ಬೆಂಕಿ ಆರಿಸುವವನು:
ಬಲಗೈಯಲ್ಲಿ ಬಕೆಟ್ಟು, ಕಾಲ ಬುಡದಲ್ಲಿ
ಗೇಣೆತ್ತರದ ಒಂದು ಮನೆ.
ನೀರು ಜಡೆ ಹೆಣೆದ ಹಾಗೆ ಗಟ್ಟಿಯಾಗಿ ಇಳಿಯುತ್ತಿದೆ.
ಬೆಂಕಿಯನ್ನು ಮಾತ್ರ ಗೆದ್ದಲು ತಿಂದಿತ್ತು.

ಬೆಂಕಿಯಿಲ್ಲದ ಮನೆಯ ಮೇಲೆ ನೀರು ಸುರಿದರೆ
ಈ ತಾಲೂಕಿನಲ್ಲಿ ಅದು ಬೇರೆಯೇ ಕಥೆ.
ಕಸ ಗುಡಿಸುವ ಗುತ್ಯಮ್ಮ ಮೂವತ್ತು ವರ್ಷ
ಆ ಮೂಲೆಗೆ ಬೆನ್ನು ಹಾಕಿಯೇ ಪೊರಕೆ ಆಡಿಸಿದಳು.
ಅವಳ ಊರು ಹಿನ್ನೀರಿನ ತಳದಲ್ಲಿದೆ.
‘ಡ್ಯಾಮಿನ ಸಾಹೇಬ’ ಅನ್ನುತ್ತಿದ್ದಳು ಸಂತನನ್ನು,
‘ನೋಡು, ಮಾಡು ಮುಳುಗೋವರೆಗೂ ಬಿಡೋ ಹಾಗಿಲ್ಲ.’

ಫಾದರಿಗೆ ಗೊತ್ತಿದ್ದ ನಿನ್ನ ಚರಿತ್ರೆ ಇಷ್ಟು:
ಹಿಟ್ಟಿನ ಗಿರಣಿಯವನ ಮಗ. ಹನ್ನೆರಡಕ್ಕೆ ಉಳಿ ಹಿಡಿದೆ.
ಗುರುವಿನ ವಿಧವೆಯನ್ನು ಮದುವೆಯಾಗಿ
ಅವನ ಅಂಗಡಿಗೂ ಹತಾರಕ್ಕೂ ಒಡೆಯನಾದೆ.
ನಲವತ್ತೊಂದು ಇಗರ್ಜಿ, ಲೆಕ್ಕವಿಲ್ಲದಷ್ಟು ದೇವದೂತರು.
ರೆಕ್ಕೆಯ ಮಕ್ಕಳಿಗೆಲ್ಲ ನಿನ್ನ ಸತ್ತ ಮಗುವಿನ ಕೆನ್ನೆ
ಎನ್ನುತ್ತಿದ್ದರಂತೆ ಸಿಸ್ಟರ್. ನಿಜವೋ, ಅವರ ಮನಸ್ಸಿನದೋ.
ಕೂಲಿ ಅರ್ಧ ದುಡ್ಡು, ಅರ್ಧ ಕಾಳು ಮತ್ತು ಬಿಯರು.
ಬಂಗಾರದ ರೇಕು ಹಚ್ಚಿದವನಿಗೆ ನಿನಗಿಂತ ಹೆಚ್ಚು.
ಅದು ಇಲ್ಲಿಯೂ ಹಾಗೆಯೇ.

ಮುಖ ನೋಡಿ ನಿನ್ನ ಪರಿಚಯವಾಗಲಿಲ್ಲ.
ಮುಖ ಬಣ್ಣದವನ ಪಾಲು.
ಬೆನ್ನು ನೋಡಿದೆ: ದೋಣಿಯ ಹಾಗೆ ಕೊರೆದು ಖಾಲಿ ಮಾಡಿದ್ದೀಯ.
ನಮ್ಮಲ್ಲಿ ದೇವಿಯ ಬೆನ್ನಿಗೂ ಜಡೆ, ಜಡೆಗೂ ಕುಚ್ಚು,
ಪ್ರದಕ್ಷಿಣೆ ಬರುವವರ ಕಣ್ಣು ತಪ್ಪಿಸಲಾಗದು.
ಕಳ್ಳ ಕೆಲಸ ಅಂದುಕೊಂಡೆ. ಆಮೇಲೆ ಹೊಳೆಯಿತು,
ತಿರುಳು ತೆಗೆಯದಿದ್ದರೆ ಮರ ಒಣಗುತ್ತ ಸೀಳುತ್ತದೆ,
ಮೊದಲು ಸೀಳುವುದು ಮುಖ.
ಒಳಗೆ ನಿನ್ನ ಉಳಿಯ ಗುರುತು, ಒರಟಾಗಿ, ಅವಸರದಲ್ಲಿ,
ಎಲ್ಲವೂ ಎಡಗೈಯ ಓರೆ.

ನೀನೂ ಎಡಚನೇನೋ ಮಾರಾಯ?
ನನ್ನಜ್ಜ ನನ್ನ ಎಡಗೈಗೆ ಹುರಿ ಕಟ್ಟಿ ಕೂರಿಸುತ್ತಿದ್ದ,
ಆ ಕೈಯ ದೇವರು ಕಣ್ಣು ಬಿಡುವುದಿಲ್ಲವೆಂದು.
ಎದುರಿಗೆಲ್ಲ ಬಲಗೈ, ಕತ್ತಲಲ್ಲಿ ಎಡಗೈ.
ನಿನಗೆ ಹುರಿ ಕಟ್ಟಿದವರು ಯಾರು?

ಶಿವನೆ ಮರದ ತುಂಡು ತೆಗೆದೆ. ನಿನ್ನ ಲಿಂಡನ್ನಿಗೆ
ಅದೇ ಹತ್ತಿರದ ನೆಂಟ. ಹಗುರ, ನಾರಿಗೆ ಹಟವಿಲ್ಲ.
ಮೊದಲು ಬಂದದ್ದು ಅಪ್ಪ ಕಲಿಸಿದ ಪ್ರಭಾವಳಿಯ ಜ್ವಾಲೆ,
ಒಂದರ ಪಕ್ಕ ಒಂದು, ತೋರಣದ ಮಾವಿನೆಲೆಯಂತೆ.
ಫಾದರಿಗೆ ಒಪ್ಪಿಗೆಯಾಯಿತು. ನನಗೆ
ಮನೆಗೆ ಪೂಜೆ ನಡೆದಂತಿತ್ತು, ಮನೆ ಸುಟ್ಟಂತಿರಲಿಲ್ಲ.

ರಾತ್ರಿ ಬಚ್ಚಲೊಲೆಯ ಮುಂದೆ ಕೂತೆ.
ಹಗಲೆಲ್ಲ ಕೆತ್ತಿದ ಚಕ್ಕೆಯೇ ಉರಿಯುತ್ತಿತ್ತು.
ಬೆಂಕಿ ನೆಟ್ಟಗೆ ನಿಲ್ಲುವುದಿಲ್ಲ, ಮೊಸರಣ್ಣ.
ದಾರಿ ಹುಡುಕುತ್ತದೆ. ಸಿಕ್ಕ ಸಂದಿಗೆ ಮೊದಲು ಕೈ ಹಾಕಿ
ಆಮೇಲೆ ಮೈ ತರುತ್ತದೆ.
ಅದಕ್ಕೆ ಬೆನ್ನೇ ಇಲ್ಲ.
ಎದ್ದು ಎಡಗೈಗೆ ಉಳಿ ಕೊಟ್ಟೆ.

ಇವತ್ತು ಕೂರಿಸಿದೆವು. ನಾಲ್ಕು ನಾಲಿಗೆ:
ಎರಡು ಕಿಟಕಿಗೆ, ಒಂದು ಮಾಡಿಗೆ,
ಇನ್ನೊಂದು ಬಾಗಿಲ ಕೆಳಗಿನ ಸಂದಿಯಿಂದ.
ಬಣ್ಣ ತುಸು ಹೊಸದಾಯಿತು ಅಂದರು ಫಾದರ್,
ಐನೂರು ಕಡಿಮೆ ಮಾಡಿಕೋ ಅಂದರು.
ಗುತ್ಯಮ್ಮನನ್ನು ಕರೆದು ತೋರಿಸಿದೆ:
ಮುಳುಗಿಸುತ್ತಿಲ್ಲ ಮಾರಾಯ್ತಿ, ಆರಿಸುತ್ತಿದ್ದಾನೆ.
ಪೊರಕೆ ಕಂಕುಳಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.
‘ಒಳಗಿದ್ದೋರು ಹೊರಗೆ ಬಂದ್ರಾ?’

ಬಗ್ಗಿದೆ. ಬಾಗಿಲನ್ನು ನೀನು
ಬರೀ ಗೆರೆಯಲ್ಲಿ ಕೊರೆದಿದ್ದೀಯ, ಮುಚ್ಚಿದ ಬಾಗಿಲು.
ಸಣ್ಣ ಉಳಿ ಜೇಬಿನಲ್ಲೇ ಇತ್ತು.
ಫಾದರ್ ನಮಗೆ ಬೆನ್ನು ಹಾಕಿ
ಇನ್ನೂ ನೋಟು ಎಣಿಸುತ್ತಿದ್ದರು.