ಚಿಲಕ

ಫೈಲು ನನ್ನ ಕೈಗೆ ಕೊಡುವುದಿಲ್ಲವಂತೆ.
ಕಚೇರಿಯಿಂದ ಕಚೇರಿಗೇ ಹೋಗಬೇಕು, ಅರಗಿನ ಮುದ್ರೆ ಒತ್ತಿ.
ಮುನಿಲಕ್ಷ್ಮಮ್ಮ ಮೇಡಂ ಕನ್ನಡಕ ಹಣೆಗೇರಿಸಿ ಹೇಳಿದರು,
"ಬೇಜಾರು ಮಾಡ್ಕೋಬೇಡ ಸುಗಂಧಿನಿ, ರೂಲ್ಸು."
ಬೇಜಾರೇನಿಲ್ಲ.
ಈ ಕೈಯನ್ನು ನಾನೇ
ಎಷ್ಟು ದಿನ ನಂಬಿರಲಿಲ್ಲ.

ಅದರೊಳಗೆ ಏನಿದೆ ಗೊತ್ತು.
ನಾನೂರ ಹನ್ನೆರಡು ದಿನ.
ಐವತ್ತೊಂಬತ್ತು ಸಲ ಲಕ್ಕಸಂದ್ರದ ಲ್ಯಾಬಿನಲ್ಲಿ
ಬೆಚ್ಚಗಿನ ಡಬ್ಬಿ ಹಿಡಿದು ಹೊರಗೆ ಬಂದದ್ದು.
ಆಯಾ ಜಯಶೀಲಾ ಬಾಗಿಲಲ್ಲೇ ನಿಲ್ಲಬೇಕು,
ನನ್ನನ್ನು ನೋಡಬೇಕು, ನೋಡಿದೆನೆಂದು ಸಹಿ ಹಾಕಬೇಕು.
ನೋಡುತ್ತ ನೋಡುತ್ತ ಅವಳು
ಮಗಳ ಟ್ಯೂಷನ್ ಫೀಸಿನ ಮಾತು ತೆಗೆಯುತ್ತಿದ್ದಳು,
ನನ್ನ ಮರ್ಯಾದೆಗೆ.

ಅದಕ್ಕೂ ಮೊದಲು ಯಾರೂ ನೋಡಿರಲಿಲ್ಲ.
ರಾತ್ರಿಪಾಳಿ, ನಾಲ್ಕನೇ ಮಹಡಿಯ ಐಸಿಯು.
ಆಂಪ್ಯೂಲಿನ ಕತ್ತು ಮುರಿದರೆ ಟಕ್ ಎಂದು ಸದ್ದು,
ಒಣಗಿದ ತೊಗರಿಕಾಯಿ ಸಿಡಿದಷ್ಟು.
ಅರ್ಧ ರೋಗಿಗೆ. ಉಳಿದರ್ಧ ಚೆಲ್ಲಬೇಕು,
ಚೆಲ್ಲಿದ್ದಕ್ಕೆ ಇಬ್ಬರ ಸಹಿ.
ಒಂದು ನನ್ನದು. ಇನ್ನೊಂದು ಲೂರ್ದು ಸಿಸ್ಟರ್‌ದು,
ಟೀ ಕುಡಿಯುತ್ತಲೇ ಗೀಚುತ್ತಿದ್ದರು,
ನನ್ನ ಮೇಲೆ ಅಷ್ಟು ವಿಶ್ವಾಸ.
ಚೆಲ್ಲಿದ್ದು ಎಲ್ಲಿಗೆ ಎಂದು
ನನ್ನ ಹಿಮ್ಮಡಿಯ ನರವನ್ನು ಕೇಳಬೇಕಿತ್ತು.

ಸೊಂಟನೋವಿಗೆ ಶುರುವಾದದ್ದು.
ಎಲ್ಲರೂ ಹಾಗೇ ಹೇಳುತ್ತಾರೆ ಅಂದರು ಡಾಕ್ಟರು.
ನನಗೆ ನಿಜಕ್ಕೂ ಸೊಂಟ ನೋಯುತ್ತಿತ್ತು.

ಸೊಲ್ಲಾಪುರಕ್ಕೆ ಫೋನು ಹಚ್ಚಿದೆ.
ಬೀದರಿನಲ್ಲಿ ಕಲಿತ ಮರಾಠಿ ಅಷ್ಟಕ್ಕೆ ಸಾಕಾಯಿತು.
ಅಲ್ಲಿಯ ಗುಮಾಸ್ತ ಎರಡು ಸಲ ಕೇಳಿದ,
ಯಾವ ಕಾಲಂನಲ್ಲಿ ಬರೆಯಲಿ ತಾಯಿ,
ಕಾಯಿಲೆಯೋ, ಶಿಕ್ಷೆಯೋ?
ನಾನು ಬೇರೆಯದೇ ಕೇಳಿದೆ:
ಈ ದಿನಗಳು ಅಲ್ಲಿ ಲೆಕ್ಕಕ್ಕೆ ಬರುತ್ತವೋ
ಮತ್ತೆ ಒಂದರಿಂದಲೋ?
"ಫೈಲು ಬರಲಿ. ಸಾಹೇಬರು ನೋಡಲಿ."
ಅಜ್ಜ ಹೇಳುತ್ತಿದ್ದ, ಗಡಿ ದಾಟಿದರೆ ಸೇರು ಬೇರೆ,
ಜೋಳ ಅದೇ.

ಇಲ್ಲಿಯ ಪಟ್ಟಿಯಿಂದ ಶುಕ್ರವಾರ ಹೆಸರು ಹೊಡೆದರು.
ಅಲ್ಲಿಯ ಪಟ್ಟಿ ಸೇರಲು ಹನ್ನೊಂದು ದಿನ.
ಅಲ್ಲಿಯವರೆಗೆ ನಾನು ಯಾರ ಲೆಕ್ಕದಲ್ಲೂ ಇಲ್ಲ.
ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ ಮೆಸೇಜು,
ಇಂದು ನಿಮ್ಮ ಸರದಿ,
ಬರಲಿಲ್ಲ.
ಶನಿವಾರ ಅದೇ ಸುಖವೆನಿಸಿತು. ಎಂಟರ ತನಕ ಮಲಗಿದೆ.
ಭಾನುವಾರ ಚರ್ಚಿನಲ್ಲಿ ಹಾಡುವಾಗ ಮೈ ಹಗುರ.
ಸೋಮವಾರ ಡೈರಿ ಸರ್ಕಲ್ಲಿನಲ್ಲಿ
ಕುಕ್ಕರು ಕಟ್ಟಲು ರಟ್ಟಿನ ಡಬ್ಬ ಹುಡುಕುತ್ತಿದ್ದೆ,
ಔಷಧಿ ಅಂಗಡಿಯ ಹಸಿರು ಪ್ಲಸ್ಸು
ಮಿಣುಕಿತು, ಆರಿತು, ಮಿಣುಕಿತು.
ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತಿಗೆ
ಒಂದು ವಾಸನೆ ಇದೆ,
ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯದು.
ಅಂಗಡಿಯವನು ಖಾಲಿ ಡಬ್ಬ ಬೇಕಾ ಸಿಸ್ಟರ್ ಎಂದ.
ಬೇಡ ಎಂದೆ. ಬೇಕಿತ್ತು.

ಮಂಗಳವಾರ ಲಕ್ಕಸಂದ್ರಕ್ಕೆ ನಡೆದೇ ಹೋದೆ.
ಕೌಂಟರಿನ ಹುಡುಗ ಹೊಸಬ.
"ಯಾವ ಡಾಕ್ಟರು ಬರೆದಿದ್ದು?"
"ನಾನೇ."
ಸೆಲ್ಫ್ ಎಂದು ಟೈಪು ಮಾಡಿದ.
ಏಳುನೂರ ಐವತ್ತು ರೂಪಾಯಿ,
ಸೊಲ್ಲಾಪುರದ ಬಸ್ಸಿಗೆ ಎತ್ತಿಟ್ಟಿದ್ದ ದುಡ್ಡಿನಿಂದ ಮುರಿದೆ.
ರಸೀದಿ ಯಾರಿಗೆ ತೋರಿಸುತ್ತೇನೋ ಗೊತ್ತಿಲ್ಲ,
ಮಡಚಿ ಪರ್ಸಿನೊಳಗಿಟ್ಟೆ.
ಜಯಶೀಲಾ ಬಂದಳೇನೋ ಎಂದು ತಿರುಗಿದರೆ ಹುಡುಗ ನಕ್ಕ,
"ಸೆಲ್ಫ್ ಅಂದ್ರೆ ಯಾರೂ ನಿಲ್ಲಲ್ಲ ಮೇಡಂ.
ಹೋಗಿ, ಚಿಲಕ ಹಾಕ್ಕೊಳ್ಳಿ."

ಆ ಬಾಗಿಲಿಗೆ ಚಿಲಕವಿತ್ತು.
ಐವತ್ತೊಂಬತ್ತು ಸಲ ಬಂದರೂ ಕಂಡಿರಲಿಲ್ಲ.
ಹಿತ್ತಾಳೆಯದು. ಬೆರಳಿಟ್ಟೆ, ತಣ್ಣಗಿತ್ತು.
ಬಿಟ್ಟೆ.
ಬಾಗಿಲು ತಾನೇ ಒಂದು ಗೇಣು ಸರಿದು ನಿಂತಿತು.
ಹೊರಗೆ ಯಾರೋ ಟೋಕನ್ ನಂಬರು ಕೂಗಿದರು,
ನನ್ನದಲ್ಲ.