ಗುಡಾಣ ತೊಳೆಯುವವನು

ಇಮೆರೆತಿಯಲ್ಲಿ ವೈನನ್ನು ನೆಲದಲ್ಲಿ ಹೂತಿಡುತ್ತಾರೆ,
ಕುತ್ತಿಗೆವರೆಗೆ ಮಣ್ಣಲ್ಲಿ ಮುಳುಗಿದ ಗುಡಾಣಗಳಲ್ಲಿ.
ಅವನ್ನು ತೊಳೆಯುವುದು ನನ್ನ ಕಸುಬು.
ಆಗಸ್ಟಿನಲ್ಲಿ ಬಾಯಿಂದ ಒಳಗಿಳಿಯುತ್ತೇನೆ,
ಚೆರ್ರಿ ತೊಗಟೆಯ ಕುಂಚ, ಬಕೆಟ್ಟು, ಒಂದು ಮೇಣದಬತ್ತಿ.
ಬತ್ತಿ ಆರಿದರೆ ಮೇಲೆ ಬಾ, ಅಂತ ಅಪ್ಪ ಹೇಳಿಕೊಟ್ಟಿದ್ದ.
ಒಳಗೆ ನನ್ನ ಉಸಿರು ನನಗೇ ಎರಡು ಸಲ ಕೇಳುತ್ತದೆ.

ಬರಿದಾದ ಗುಡಾಣ ಅಂದಕೂಡಲೇ
ನೀವು ಯಾರನ್ನು ನೆನೆದಿರಿ, ನನಗೆ ಗೊತ್ತು.
ನಮ್ಮ ಓಣಿಯೂ ಅವಳನ್ನೇ ನೆನೆಯಿತು, ಒಂಬತ್ತು ವರ್ಷ.

ಲಾಮಾರ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವಳು.
ತುರಚೆ ಸೊಪ್ಪಿನ ಕಷಾಯ ಕುಡಿದಳು,
ಮಠದಿಂದ ತಂದ ದಾರ ಸೊಂಟಕ್ಕೆ ಕಟ್ಟಿಕೊಂಡಳು,
ಇಗರ್ಜಿಗೆ ಮೂರು ಸುತ್ತು ಬಂದಳು, ಬರಿಗಾಲಲ್ಲಿ, ಹಿಮದಲ್ಲಿ.
ಅಮ್ಮ ಕರೆತಂದ ಮುದುಕಿ ಹೊಟ್ಟೆ ತಿಕ್ಕಿ
"ಗರ್ಭಚೀಲ ಜಾರಿದೆ" ಅಂದಳು.
ಜಾರಿದ್ದನ್ನು ಏರಿಸಲು ಮೂರು ಕೋಳಿ, ಒಂದು ಗಡಿಗೆ ಜೇನು.
ಕೋಳಿ ಹಿಡಿದುಕೊಟ್ಟವನು ನಾನೇ.

ಹೆಂಗಸಿಗೆ ಅದಕ್ಕೊಂದು ಹೆಸರಿದೆ ನಮ್ಮಲ್ಲಿ,
ಗಬ್ಬವಾಗದ ಹಸುವಿಗೂ ಅದೇ ಹೆಸರು.
ಗಂಡಸಿಗೆ ಯಾರೂ ಹುಡುಕಿಟ್ಟಿಲ್ಲ.

ಕೊನೆಗೆ ಕುತೈಸಿಗೆ ಹೋದದ್ದು
ಟ್ರ್ಯಾಕ್ಟರಿನ ಬೆಲ್ಟು ಕೊಳ್ಳುವ ನೆಪದಲ್ಲಿ.
ನೆಸ್ತಾನ್ ಎಂಬ ಡಾಕ್ಟರು, ನನ್ನ ತಂಗಿಯ ವಯಸ್ಸು,
"ಮೊದಲು ನಿಮ್ಮದು ನೋಡೋಣ" ಅಂದಳು,
ಹೊರಗೆ ಬಿಸಿಲಿದೆಯಾ ಅಂತ ಕೇಳಿದಷ್ಟು ಸಲೀಸಾಗಿ.
ಚಿಲಕ ಕೂರದ ಕೋಣೆ. ಗೋಡೆಗೆ ಟೂತ್‌ಪೇಸ್ಟಿನ ಕ್ಯಾಲೆಂಡರು.
ಒಂದು ಕಾಲಿಂದ ಬಾಗಿಲು ಒತ್ತಿ ಹಿಡಿದಿದ್ದೆ. ಇಷ್ಟು ಸಾಕು.

ವಾರದ ಮೇಲೆ ಚೀಟಿ ಬಂತು.
ಲಕ್ಷಗಳಲ್ಲಿ ಎಣಿಸುವ ಕಡೆ ಸೊನ್ನೆ.
ಕಡಿಮೆ ಅಲ್ಲ. ಸೊನ್ನೆ.
"ಹುಡುಗನಾಗಿದ್ದಾಗ ಮಂಗನಬಾವು ಬಂದಿತ್ತೇ?"
ಬಂದಿತ್ತು, ಹದಿನಾರರಲ್ಲಿ. ಅಮ್ಮ ಗಂಟಲಿಗೆ ಬಿಸಿ ಉಪ್ಪು ಕಟ್ಟಿದ್ದಳು.
ಕೆಳಗೂ ಊದಿತ್ತು.
ನಾಚಿಕೆಗೆ ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಲಾಮಾರ ಅಳಲಿಲ್ಲ, ಬೈಯಲಿಲ್ಲ.
ಮನೆಗೆ ಬಂದು ತುರಚೆಯ ಡಬ್ಬಿಯನ್ನು ಹಿತ್ತಲಲ್ಲಿ ಬೋರಲು ಹಾಕಿದಳು.
ಸೊಂಟದ ದಾರಕ್ಕೆ ಕತ್ತರಿ ಹಾಕಿದಳು.
ದಾರವಿದ್ದ ಜಾಗದಲ್ಲಿ ಬಿಳಿ ಗೆರೆ, ಇನ್ನೂ ಇದೆ.
ಆಮೇಲೆ ಹನ್ನೊಂದು ದಿನ ನನ್ನೊಡನೆ ಮಾತಿಲ್ಲ.
ಒಂಬತ್ತು ವರ್ಷಕ್ಕೆ ಹನ್ನೊಂದು ದಿನ. ಅಗ್ಗವಾಯಿತು.

ದ್ರಾಕ್ಷಿ ಸುಗ್ಗಿಯ ಊಟ. ಮುರ್ಮಾನ್ ಬಟ್ಟಲೆತ್ತಿದ:
ದೇವರಿಗೆ, ಸತ್ತವರಿಗೆ, ಆಮೇಲೆ ಮಕ್ಕಳಿಗೆ.
ಮಕ್ಕಳಿಗೆ ಅಂದಾಗ ಎಂದಿನಂತೆ ಮೇಜಿನ ಕಣ್ಣುಗಳೆಲ್ಲ
ಲಾಮಾರಳ ತಟ್ಟೆಯತ್ತ ಸರಿದು
ಥಟ್ಟನೆ ಉಪ್ಪಿನ ಬಟ್ಟಲಿಗೆ ಹಾರಿದವು.

ಕರೆಯದೆ ಏಳಬಾರದು. ಎದ್ದೆ.
"ಕೊರತೆ ನನ್ನದು. ಚೀಟಿ ಜೇಬಿನಲ್ಲಿದೆ, ಓದಲಾ?"
ಯಾರೋ ಕೆಮ್ಮಿದರು.
ಅಮ್ಮ ಚೀಸಿನ ರೊಟ್ಟಿಯನ್ನು ಹೋಳು ಮಾಡುತ್ತಲೇ ಇದ್ದಳು,
ಅದು ಆಗಲೇ ಹೋಳಾಗಿತ್ತು.
ಮಾತೇ ಕಸುಬಾದ ಮುರ್ಮಾನ್
ಬಟ್ಟಲು ಹಿಡಿದು ನಿಂತೇ ಇದ್ದ.
ಮೇಜಿನಡಿ ಲಾಮಾರ ನನ್ನ ಪಾದ ತುಳಿದಳು, ಜೋರಾಗಿ.
ಸಿಟ್ಟಿಗೋ ಇನ್ಯಾತಕ್ಕೋ, ಕೇಳಿಲ್ಲ.

ಈಗ ಮತ್ತೆ ಕುತೈಸಿ. ಇನ್ನೊಬ್ಬನ ಬೀಜ, ಹೆಸರು ಹೇಳುವುದಿಲ್ಲ.
ಫಾರಂ ಕೊಟ್ಟರು: ಎತ್ತರ, ಕಣ್ಣಿನ ಬಣ್ಣ, ರಕ್ತದ ಗುಂಪು.
ಲಾಮಾರ ಪೆನ್ನಿನ ತುದಿ ಕಚ್ಚುತ್ತ ಕೂತಳು.
"ಹಾಡೋಕೆ ಬಾರದವರು ಯಾರಾದರೂ ಇದ್ದಾರಾ?
ಇವನ ಹಾಗೆ, ಮೂರು ದನಿಯ ಹಾಡಿಗೆ
ನಾಲ್ಕನೆಯದೊಂದು ಸೇರಿಸುವವರು?"
ನೆಸ್ತಾನ್ ಕಾಗದ ತಿರುಗಿಸಿ ನೋಡಿದಳು. ಆ ಕಾಲಂ ಇಲ್ಲವಂತೆ.

ಆಗುತ್ತೋ ಇಲ್ಲವೋ. ಪ್ರತಿ ಸಲಕ್ಕೂ
ಹತ್ತರಲ್ಲಿ ಒಂದೋ ಎರಡೋ ಅಂದಿದ್ದಾರೆ.
ನಾಳೆ ಸೆರ್ಗೊನ ಗುಡಾಣ, ಆಳವಾದದ್ದು.
ಲಾಮಾರ ರಜೆ ಹಾಕಿ ಬರುತ್ತಾಳಂತೆ,
ಬಾಯಂಚಿನಲ್ಲಿ ಕೂತು ಬತ್ತಿಯ ಮೇಲೆ ಕಣ್ಣಿಡುತ್ತಾಳಂತೆ.
ಒಳಗಿಂದ ನಾನು ಹಾಡುತ್ತಿರಬೇಕಂತೆ,
ಬದುಕಿದ್ದೇನೆ ಅಂತ ಗೊತ್ತಾಗಲಿಕ್ಕೆ.