ಮೂವತ್ತೇಳು ಡಿಗ್ರಿ

ಬೆಳಗಿನ ಆರೂವರೆ, ರಸೆಲ್ ಮಾರ್ಕೆಟ್ಟಿನ ಹಿಂಬದಿ.
ನನ್ನ ಫ್ಲಾಸ್ಕು ಕಂಡದ್ದೇ ಅಫ್ಸರ್ ಪಾಷಾ ನಗುತ್ತಾನೆ:
"ತಲೆ ಕೇಳೋರವ್ರೆ, ಕಾಲು ಕೇಳೋರವ್ರೆ,
ಉಚ್ಚೆಚೀಲಕ್ಕೆ ಕಾಸು ಕೊಡೋನು ನೀನೊಬ್ಬನೇ ಕಣಣ್ಣಾ."
ಈಗಷ್ಟೇ ಬಿದ್ದ ಮೇಕೆಯದು, ಬಿಸಿ ಆರಿಲ್ಲ.
ಉಪ್ಪುನೀರು, ಸುತ್ತ ಐಸು, ಮುಚ್ಚಳ,
ಕಾಲ ಸಂದಿಗೆ ಇಟ್ಟುಕೊಂಡು ಸ್ಕೂಟರು.

ಹಾಜರಿ ಪುಸ್ತಕದಲ್ಲಿ ನಾನು ಅಟೆಂಡರು.
ಇಪ್ಪತ್ತಾರು ವರ್ಷದಿಂದ ಸೀಳಿದ್ದೇನೆ
ಬೆಂಕಿಕಡ್ಡಿಯಗಲದ ಸ್ನಾಯು,
ಎರಡು ತುದಿಗೂ ರೇಷ್ಮೆ ದಾರ ಬಿಗಿದು
ಗಾಜಿನ ಕೊಳವೆಗೆ ಇಳಿಬಿಟ್ಟಿದ್ದೇನೆ,
ಬಾವಿಯ ಗೋಡೆಗೆ ತಾಕದ ಹಾಗೆ ಕೊಡ ಇಳಿಸುವಂತೆ.
ಮೂವತ್ತೇಳು ಡಿಗ್ರಿ. ಗುಳುಗುಳು ಗಾಳಿ.
ಇನ್ನೊಂದು ಗಂಟೆ ಯಾರೂ ಮುಟ್ಟುವಂತಿಲ್ಲ.
ಸತ್ತದ್ದಕ್ಕೂ ಸುಧಾರಿಸಿಕೊಳ್ಳಲು ಹೊತ್ತು ಬೇಕು.

ಮುಂಚೆ ಮಸಿ ಹಿಡಿಸಿದ ಡ್ರಮ್ಮು ತಿರುಗುತ್ತಿತ್ತು,
ಸಂಜೆ ಉಗುರಲ್ಲೆಲ್ಲ ಕಪ್ಪು.
ಈಗ ಪರದೆಯ ಮೇಲೊಂದು ಹಸಿರು ಗೆರೆ.

ಮೊದಲ ಹನಿ ಅಸಿಟೈಲ್‌ಕೋಲಿನ್:
ಎಳೆ ಹಿಂಡಿಕೊಳ್ಳುತ್ತದೆ, ಗೆರೆ ಏರು ಹತ್ತುತ್ತದೆ.
ಎರಡನೆಯದು ಅಡ್ರಿನಲಿನ್ ಬಳಗದ್ದು:
ಗೆರೆ ಇಳಿಯುತ್ತದೆ, ಅವಸರವಿಲ್ಲದೆ,
ಲಾಲ್‌ಬಾಗಿನ ಬಂಡೆಯಿಂದ ಸಂಜೆ
ಮೊಣಕಾಲು ಹಿಡಿದು ಇಳಿಯುವ ಮುದುಕರ ಹಾಗೆ.

ಅಡ್ರಿನಲಿನ್ ಅಂದರೆ ಬೀದಿನಾಯಿ ಅಟ್ಟಿಸಿಕೊಂಡ ರಾತ್ರಿ,
ಎದೆಯಲ್ಲಿ ತಮಟೆ, ಅಂಗೈಯಲ್ಲಿ ಬೆವರು.
ಅದೇ ಓಲೆ ಚೀಲದ ಕತ್ತಿಗೆ ಬಂದರೆ ಆಲ್ಫಾ ಓದುತ್ತದೆ: ಬಿಗಿ.
ಚೀಲದ ಗೋಡೆಗೆ ಬಂದರೆ ಬೀಟಾ ಮೂರು ಓದುತ್ತದೆ:
ಸಡಿಲಾಗು, ಇನ್ನೂ ಸ್ವಲ್ಪ ತಡಿ.
"ಮತ್ತೆ ಹೆದರಿದರೆ ಉಚ್ಚೆ ಹೊಯ್ಕೋತಾರಲ್ಲ ಮೇಡಂ?"
ಹಿಂದಿನ ಬೆಂಚಿನ ತಿಪ್ಪೇಶ. ನಗೆಯೋ ನಗೆ.
ಗ್ಲಾಡಿಸ್ ಮೇಡಂ ತಲೆ ಮುಟ್ಟಿ ತೋರಿಸಿದರು:
"ಆ ಗಲಾಟೆ ಮೇಲಿನವರದು.
ಕೆಳಗಿರೋ ಈ ಬಡಪಾಯಿ
ಕೊನೇವರೆಗೂ ತಡೆಯೋಕೇ ನೋಡುತ್ತೆ."

ನಾನು ನಗಲಿಲ್ಲ. ಆ ಹೊತ್ತಿಗೆ ಮುನಿರತ್ನ
ಮುನ್ನೂರ ಮೂವತ್ತೈದು ಇ ಬಸ್ಸಿನಲ್ಲಿ
ಮುರುಗೇಶಪಾಳ್ಯ ದಾಟಿರುತ್ತಾಳೆ,
ಟಿಕೇಟು ಚೀಲ ಹೊಟ್ಟೆಗೆ ಒತ್ತಿ, ಕಾಲಿಗೆ ಕಾಲು ಹೆಣೆದು.
ಮಧ್ಯಾಹ್ನದವರೆಗೆ ನೀರು ಮುಟ್ಟುವುದಿಲ್ಲ.
ಮೆಜೆಸ್ಟಿಕ್ಕಿನಿಂದ ಕಾಡುಗೋಡಿವರೆಗೆ
ಯಾವ ಪೆಟ್ರೋಲ್ ಬಂಕಿನವನು ಕೀ ಕೊಡುತ್ತಾನೆ,
ಯಾವ ದರ್ಶಿನಿಯವನು ಮುಖ ತಿರುಗಿಸುತ್ತಾನೆ,
ಎಲ್ಲ ಬಾಯಿಪಾಠ. ಮಾರತ್ತಹಳ್ಳಿ ಬ್ರಿಡ್ಜಿನ ಜಾಮಿನಲ್ಲಿ
ಒಂದು ದಿನ ಬಸ್ಸು ಬಿಟ್ಟೇ ಇಳಿದು ಓಡಿದಳಂತೆ.
ಜನ ತಗಡು ಬಡಿದರಂತೆ. ಹೇಳುತ್ತ ನಕ್ಕಳು,
ನಗು ಅರ್ಧಕ್ಕೇ ನಿಂತಿತು,
ಎದ್ದು ಸೀರೆ ನೆನೆಹಾಕಲು ಹೋದಳು.

ಡಾಕ್ಟರು ಬರೆದುಕೊಟ್ಟ ಮಾತ್ರೆಯ ಹೆಸರು
ನಮ್ಮ ಲ್ಯಾಬಿನ ಫ್ರಿಜ್ಜಿನ ಎರಡನೇ ತಟ್ಟೆಯಲ್ಲಿತ್ತು,
ಪುಟ್ಟ ಶೀಶೆಯ ಮೇಲೆ, ನನ್ನದೇ ಕೈಬರಹದಲ್ಲಿ.
ಎಷ್ಟು ಮೇಕೆಗಳ ಎಳೆಗೆ ಹಾಕಿಲ್ಲ ಅದನ್ನು.
ಮನೆಯವಳ ಹೊಟ್ಟೆಯೊಳಗೂ ಅದೇ ಗೋಡೆ ಅಂತ
ಒಂದು ದಿನವಾದರೂ ಹೊಳೆಯಬಾರದಿತ್ತೇ?

ಆರನೇ ವಾರ. ಅನ್ನಕ್ಕೆ ಹುಳಿ ಬಡಿಸುತ್ತ ಕೇಳಿದಳು:
"ಒಳಗೆ ಹೋಗಿ ಏನ್ ಹೇಳತ್ತೆ ಅದು?"
ಗ್ರಾಹಿ ಅಂದೆ, ಸಂಕೇತ ಅಂದೆ,
ಬೀಟಾ ಅನ್ನುವಷ್ಟರಲ್ಲಿ ನನಗೇ ತೊದಲು.
ಅವಳು ಸೌಟು ಎತ್ತಿ ಹಿಡಿದು,
ಇಪ್ಪತ್ತು ವರ್ಷ ಗಂಟಲು ಹರಿದುಕೊಂಡ ಆ ದನಿಯಲ್ಲೇ:
"ಒಳಗ್ ಹೋಗಿ, ಒಳಗ್ ಹೋಗಿ,
ಜಾಗ ಐತೆ ಒಳಗೆ, ಅಂತಾನಾ?"
ಹೂಂ ಅಂದೆ.
"ಅಷ್ಟಕ್ಕೆ ಮಾತ್ರೆಗೆ ಅಷ್ಟೊಂದು ದುಡ್ಡಾ?"

ಆ ರಾತ್ರಿ ಎರಡೇ ಸಲ ಎದ್ದಳು.
ಮೊದಲು ಐದು ಇತ್ತು.
ಬಚ್ಚಲ ದೀಪ ಆರಿದ ಮೇಲೂ ನಾನು ಎಣಿಸುತ್ತಿದ್ದೆ.
ಬೆಳಗ್ಗೆ ಅವಳ ಬ್ಯಾಗಿಗೆ ನೀರಿನ ಬಾಟಲಿ ಹಾಕಿದೆ, ತೆಗೆದಿಟ್ಟಳು;
ಬಾಗಿಲವರೆಗೆ ಹೋಗಿ ತಿರುಗಿ ಬಂದು
ಅರ್ಧ ಚೆಲ್ಲಿ, ತೆಗೆದುಕೊಂಡು ಹೋದಳು.